ಪಂಕ್ತಿಯ ಪರೀಕ್ಷೆ

ಔತಣದ ಕರೆಯೋಲೆಯಲ್ಲಿ ಎಲ್ಲರಿಗೂ ಒಂದೇ ಗೌರವ. ಯಜಮಾನನ ಮನಸ್ಸು ತಿಳಿಯುವುದು ಪಂಕ್ತಿಯಲ್ಲಿ ತುಪ್ಪ ಬಡಿಸುವಾಗ. ರಾಜಕೀಯ ಪಕ್ಷಗಳ ರೀತಿಯೂ ಇದೇ. ಜಾತಿ, ಮತ, ಸ್ತ್ರೀಪುರುಷ ಭೇದವಿಲ್ಲದೆ ಸರ್ವರಿಗೂ ಸಮಾನ ಅವಕಾಶವೆಂದು ಸಾರದ ಪಕ್ಷವನ್ನು ಹುಡುಕಿದರೂ ಸಿಗುವುದು ಕಷ್ಟ. ತುಪ್ಪ ಯಾರ ಎಲೆಗೆ ಬಿದ್ದಿತೆಂಬುದು ಉಮೇದುವಾರರ ಪಟ್ಟಿ ಹೊರಬಿದ್ದಾಗಲಷ್ಟೇ ಗೊತ್ತಾಗುತ್ತದೆ.

ಅಥಣಿ ತಾಲ್ಲೂಕಿನ ಐಗಳಿಯಂಥ ಊರುಗಳ ಹಿರಿಯರು ಈ ಘೋಷಣೆಗಳನ್ನು ಬಹುಕಾಲದಿಂದ ಕೇಳುತ್ತ ಬಂದವರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಇದೇ ಜಿಲ್ಲೆಯ ಬೆಳಗಾವಿಯಲ್ಲಿ. ಅಸ್ಪೃಶ್ಯತೆ ತೊಲಗಬೇಕೆಂದು ಅವರು ಅಲ್ಲಿ ನುಡಿದರು. ಮರುವರ್ಷ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪರಿಷತ್ತು ಸೇರಿತು, ಡಾ. ಅಂಬೇಡ್ಕರರು ಅದಕ್ಕೆ ಬಂದಿದ್ದರು. 1931ರಲ್ಲಿ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ಸು, ಸರಕಾರಿ ನೌಕರಿಗಾಗಲಿ ಅಧಿಕಾರಸ್ಥಾನಕ್ಕಾಗಲಿ ಜಾತಿ, ಮತ, ಲಿಂಗಗಳು ಅಡ್ಡಿಯಾಗಕೂಡದು, ಬಾವಿ, ರಸ್ತೆ, ಶಾಲೆಗಳು ಎಲ್ಲರವು ಎಂದು ನಿರ್ಣಯಿಸಿತು. ಮುಂದೆ ಸಂವಿಧಾನದ 15 ಮತ್ತು 16ನೇ ವಿಧಿಗಳಲ್ಲಿ ನೆಲೆಗೊಂಡುದೂ ಇದೇ ಆಶಯ.

ಮಾತು ಪಟ್ಟಿಯಾಗಿ ಕಂಡದ್ದು 1937ರ ಮುಂಬಯಿ ಪ್ರಾಂತದ ಚುನಾವಣೆಯಲ್ಲಿ. ಹಿಂದಿನ ವರ್ಷ ಅಂಬೇಡ್ಕರರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದ್ದರು. ಬೆಳಗಾವಿ ಉತ್ತರ ಕ್ಷೇತ್ರದಿಂದ ಆ ಪಕ್ಷದ ಬಳವಂತರಾವ್ ವರಾಳೆಯವರು ಆರಿಸಿಬಂದರು. ದಲಿತ ಮಕ್ಕಳಿಗಾಗಿ ಅಂಬೇಡ್ಕರರು 1929ರಲ್ಲಿ ಧಾರವಾಡದಲ್ಲಿ ತೆರೆದ ವಿದ್ಯಾರ್ಥಿನಿಲಯದ ಹೊಣೆ ಹೊತ್ತವರು ಅವರೇ. ಇನ್ನೂ ಗಮನಿಸಬೇಕಾದುದೆಂದರೆ, ಕೊಂಕಣದಲ್ಲಿ ಅದೇ ಪಕ್ಷದಿಂದ ಗೆದ್ದ ಅನಂತ ಚಿತ್ರೆ, ಶ್ಯಾಮರಾವ್ ಪರುಳೇಕರ ಇವರು ಸವರ್ಣೀಯರು. ಯಾರನ್ನು ಪಂಕ್ತಿಯಿಂದ ಹೊರಗಿಟ್ಟಿದ್ದರೋ ಅವರ ನಾಯಕನೇ ತನ್ನ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿಸಿದನು!

ಸ್ವಾತಂತ್ರ್ಯಾನಂತರ ಬಡಿಸುವ ಸೌಟನ್ನು ಕಾನೂನು ಕೈಗೆ ತೆಗೆದುಕೊಂಡಿತು. ಅಥಣಿಯನ್ನೊಳಗೊಂಡ ಚಿಕ್ಕೋಡಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಾಲದಲ್ಲಿ ಬಿ. ಶಂಕರಾನಂದರು 1967ರಿಂದ 1991ರವರೆಗೆ ಏಳು ಸಲ ಗೆದ್ದರು, ಕೇಂದ್ರದಲ್ಲಿ ಸಚಿವರೂ ಆದರು. ಮೀಸಲಾತಿ ಇಲ್ಲದಿದ್ದರೆ ಆ ಬಾಗಿಲು ತೆರೆಯುತ್ತಿತ್ತೇ ಎಂಬುದು ಸಂದೇಹ. ಆದರೆ ಕಾನೂನು ಬಡಿಸಿದ ತುಪ್ಪಕ್ಕೆ ಪಕ್ಷಗಳು ಪುಣ್ಯ ಕಟ್ಟಿಕೊಳ್ಳುವಂತಿಲ್ಲ. ಅವುಗಳ ಪರೀಕ್ಷೆ ಸಾಮಾನ್ಯ ಕ್ಷೇತ್ರದಲ್ಲಿ.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾಯಿತು. 2024ರಲ್ಲಿ ಅಲ್ಲಿಂದ ಕಾಂಗ್ರೆಸ್ ಪಕ್ಷದ ಪ್ರಿಯಾಂಕಾ ಜಾರಕಿಹೊಳಿಯವರು ಗೆದ್ದರು. ಪರಿಶಿಷ್ಟ ಪಂಗಡದ ತರುಣಿಯೊಬ್ಬರನ್ನು ಸಾಮಾನ್ಯ ಕ್ಷೇತ್ರದ ಮತದಾರರು ಆರಿಸಿದರೆಂಬುದು ಸಂತೋಷದ ಸಂಗತಿ. ಅವರು ರಾಜ್ಯದ ಸಚಿವರೊಬ್ಬರ ಮಗಳೆಂಬುದೂ ಅಷ್ಟೇ ನಿಜ. ಇದರಿಂದ ಅವರ ಯೋಗ್ಯತೆಗೆ ಕುಂದಿಲ್ಲ. ಆದರೆ ಸಮಾನ ಅವಕಾಶವೆಂಬ ಮಾತಿನ ಲೆಕ್ಕ ಅಲ್ಲಿಗೇ ಚುಕ್ತಾ ಆಗುವುದಿಲ್ಲ.

ಮಹಿಳೆಯರ ವಿಷಯದಲ್ಲಂತೂ ಅಂತರ ಕಣ್ಣಿಗೆ ಹೊಡೆಯುವಂತಿದೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಕಾನೂನಿನಿಂದಲೇ ಅವರಿಗೆ ದೊರೆತಿವೆ. ಪಕ್ಷಗಳು ಸ್ವಂತ ಮನಸ್ಸಿನಿಂದ ಟಿಕೆಟ್ಟು ಹಂಚುವ ವಿಧಾನಸಭೆಗೆ 2023ರಲ್ಲಿ 224 ಮಂದಿಯಲ್ಲಿ ಆರಿಸಿಬಂದ ಮಹಿಳೆಯರು ಕೇವಲ 10.

ಮುಂದಿನ ಚುನಾವಣೆಗೂ ಪಕ್ಷಗಳ ಜೀಪುಗಳು ಐಗಳಿಗೆ ಬಂದೇ ಬರುತ್ತವೆ, ಪ್ರಣಾಳಿಕೆಯನ್ನೂ ಹಂಚುತ್ತವೆ. ಆಗ ಗ್ರಾಮಸ್ಥರು ಕೇಳಬೇಕಾದ ಪ್ರಶ್ನೆ ಒಂದೇ: ಕಾನೂನು ಒತ್ತಾಯಿಸದ ಕಡೆ, ಮನೆತನದ ಬೆಂಬಲವಿಲ್ಲದ ಎಷ್ಟು ಜನ ಕೂಲಿಯವರ ಮಕ್ಕಳ ಹೆಸರು ನಿಮ್ಮ ಪಟ್ಟಿಯಲ್ಲಿದೆ?