ಎಂಜಿನ್ ಗಟ್ಟಿ, ತಲೆ ಕೆಟ್ಟಿದೆ

ಸದಸ್ಯರಿಗೆ ಬಾಡಿಗೆಗೆ ಕೊಡಲು ಸಂಘವು ದೊಡ್ಡ ಟ್ರಾಕ್ಟರೊಂದನ್ನು ಕೊಳ್ಳಬೇಕೆಂಬ ಸಲಹೆ ಬಂದು ವರ್ಷವಾಯಿತು. ಮಾರುವವರ ಮಾತಿಗಿಂತ ದುಡಿಸುವವರ ಮಾತು ಕೇಳುವುದು ಲೇಸೆಂದು ಕಳೆದ ಆಗಸ್ಟಿನಲ್ಲಿ ನಾವು ಮೂವರು ಸಿಂಧನೂರಿನ ಕಡೆಗೆ ಹೋಗಿಬಂದೆವು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಿತ್ತು. ಕಬ್ಬಿಣದ ಚಕ್ರ ಕಟ್ಟಿಕೊಂಡ ಟ್ರಾಕ್ಟರುಗಳು ಕೆಸರಿನಲ್ಲಿ ಹಗಲಿರುಳು ಓಡುತ್ತಿದ್ದವು.

ನಮಗೆ ಪರಿಚಯದ ರೈತರ ಮನೆಯ ಮುಂದೆ ಮಾತ್ರ ಎರಡು ವರ್ಷವೂ ತುಂಬದ ಟ್ರಾಕ್ಟರು ಸುಮ್ಮನೆ ನಿಂತಿತ್ತು. "ಎಂಜಿನ್ ಗಟ್ಟಿ ಐತ್ರಿ, ತಲಿ ಕೆಟ್ಟೈತ್ರಿ" ಎಂದರು ಅವರು. ಡೀಸೆಲ್ ಇದೆ, ಬ್ಯಾಟರಿ ಸರಿಯಿದೆ, ಚಾಲೂ ಆಗುತ್ತಿಲ್ಲ. ಊರಿನ ಮಿಸ್ತ್ರಿ ನೋಡಿ ಕೈಚೆಲ್ಲಿದ. ಮೂರನೆಯ ದಿನ ಕಂಪನಿಯ ಹುಡುಗ ಸ್ಕ್ಯಾನರ್ ಹಿಡಿದು ಬಂದ. ಎಂಜಿನ್ನಿನ ವೇಗ ಹೇಳುವ ಸೆನ್ಸರಿನ ತಂತಿಯನ್ನು ಇಲಿ ಕಡಿದಿತ್ತು! ತಂತಿ ಜೋಡಿಸಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಸಸಿ ಮಡಿಯಲ್ಲೇ ಬಲಿತಿತ್ತು, ಮೂರು ದಿನದ ಬಾಡಿಗೆ ಬೇರೆಯವರ ಪಾಲಾಗಿತ್ತು.

ಈ ಸೆನ್ಸರು ಎಂಬುದು ಏನು? ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ತುಂಡು. ಅನೇಕ ಎಂಜಿನ್ನುಗಳಲ್ಲಿ ಅದರೊಳಗೆ ಅಯಸ್ಕಾಂತವೂ ಅದರ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಿಲಿಕಾನ್ ಚಿಪ್ಪೂ ಇರುತ್ತವೆ. ವಿದ್ಯುತ್ತು ಹರಿಯುವ ತೆಳುಹಾಳೆಯ ಬಳಿ ಅಯಸ್ಕಾಂತ ತಂದರೆ ಅಡ್ಡಲಾಗಿ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆಂಬುದನ್ನು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲೇ ಕಂಡಿದ್ದರು. ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲುಚಕ್ರದ ಒಂದೊಂದು ಹಲ್ಲು ಎದುರು ಬಂದಾಗಲೂ ಆ ಒತ್ತಡ ಏರಿಳಿಯುತ್ತದೆ. ಸಾಮಾನ್ಯವಾಗಿ ಅರವತ್ತು ಹಲ್ಲಿನ ಜಾಗದಲ್ಲಿ 58 ಮಾತ್ರ ಇದ್ದು, ಎರಡು ಖಾಲಿ. ಆ ಬೋಳು ಜಾಗವೇ ಗುರುತು. ಪಿಸ್ಟನ್ ಎಲ್ಲಿದೆ, ಡೀಸೆಲ್ ಯಾವಾಗ ಬಿಡಬೇಕು ಎಂಬುದು ಅದರಿಂದ ತಿಳಿಯುತ್ತದೆ. ಈ ಸುದ್ದಿ ಬಾರದಿದ್ದರೆ ಎಂಜಿನ್ನಿನ ಕಂಪ್ಯೂಟರು ಡೀಸೆಲ್ಲನ್ನೇ ಬಿಡುವುದಿಲ್ಲ. ತುಂಡು ಎಷ್ಟು ಚಿಕ್ಕದೋ ಅದರ ಅಧಿಕಾರ ಅಷ್ಟು ದೊಡ್ಡದು.

ನಮ್ಮ ಹಿರಿಯರಿಗೆ ಮೈಕೋ ಪಂಪು ಗೊತ್ತು. 1951ರಲ್ಲಿ ಆರಂಭವಾದ, ಬೆಂಗಳೂರಿನ ಆ ಕಂಪನಿಯ ಪಂಪು ನಮ್ಮ ಹಳೆಯ ಟ್ರಾಕ್ಟರುಗಳಲ್ಲಿ ಇಂದಿಗೂ ಇದೆ. ನೋಜಲು ಕಟ್ಟಿದರೆ ಪೇಟೆಯ ಡೀಸೆಲ್ ಪಂಪ್ ಅಂಗಡಿಯವನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒತ್ತಡ ನೋಡಿ ಕೊಡುತ್ತಿದ್ದ. ಅದೇ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಅದರ ಜರ್ಮನಿಯ ಮೂಲ ಕಂಪನಿ ವಾಹನದ ಚಿಪ್ಪುಗಳನ್ನು ಮಾಡಲು 2021ರ ಜೂನಿನಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು ನೂರು ಕೋಟಿ ಯೂರೋ ವೆಚ್ಚದ ಕಾರ್ಖಾನೆ ತೆರೆಯಿತು. ಪಂಪಿನಿಂದ ಚಿಪ್ಪಿಗೆ ಕಾಲ ಸರಿದ ಪರಿ ಇದು. ಪಂಪ್ ಅಂಗಡಿಯವನು ಮಾತ್ರ ಅಲ್ಲೇ ಉಳಿದಿದ್ದಾನೆ.

ಹಳೆಯದೇ ಸಾಕು ಎನ್ನುವ ಸದಸ್ಯರೂ ಇದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳು ಕಠಿಣ ಹೊಗೆ ನಿಯಮ ಪಾಲಿಸಲೇಬೇಕು. ಸೆನ್ಸರಿನ ನೆರವಿಲ್ಲದೆ ಅದು ಆಗುವ ಕೆಲಸವಲ್ಲ. ಹೊಗೆ ಕುಡಿಯುವುದು ನಮ್ಮ ಚಾಲಕನೇ ಅಲ್ಲವೆ?

ಆದರೆ ಸಿಂಧನೂರಿನ ಮೂರು ದಿನ ನಮ್ಮಲ್ಲಿ ಆದರೆ ಗತಿಯೇನು? ರೊಬಸ್ಟಾ ತೋಟಕ್ಕೆ ಹೂವಿನ ನೀರು ಹಾಯಿಸುವ ಹೊತ್ತಿಗೆ ಟ್ರಾಕ್ಟರಿಗೆ ಜೋಡಿಸಿದ ಪಂಪು ನಿಂತರೆ ಮುಂದಿನ ವರ್ಷದ ಫಸಲೇ ನಿಂತಂತೆ. ಅಡಿಕೆಗೆ ಬೋರ್ಡೋ ಹೊಡೆಯಲು ಮಳೆ ಬಿಡುವು ಕೊಡುವುದೇ ಒಂದೆರಡು ದಿನ. ಕಂಪನಿಯ ಹುಡುಗ ಘಟ್ಟ ಹತ್ತಿ ಬರುವವರೆಗೆ ಕೊಳೆರೋಗ ಕಾಯುವುದಿಲ್ಲ. ಬಿಡಿಭಾಗ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಚಿಪ್ಪಿನ ಅಭಾವದಿಂದ 2021ರ ಸೆಪ್ಟೆಂಬರಿನಲ್ಲಿ ಮಾರುತಿಯಂಥ ಕಂಪನಿಯೇ ಉತ್ಪಾದನೆ ಎಂದಿನ ಶೇಕಡಾ 40ಕ್ಕೆ ಇಳಿಯಬಹುದೆಂದು ಹೇಳಬೇಕಾಯಿತು. ಐದೆಕರೆಯವರ ಬೇಡಿಕೆ ಯಾರ ಕಿವಿಗೆ ಬಿದ್ದೀತು?

ಆದ್ದರಿಂದ ಟ್ರಾಕ್ಟರಿನ ಬೆಲೆ ಚೌಕಾಸಿ ಮಾಡುವ ಮುಂಚೆ ಸಂಘ ಬೇರೆ ಮಾತಾಡಬೇಕು. ದೋಷದ ಸಂಕೇತಗಳ ಪಟ್ಟಿ ಮತ್ತು ತಂತಿಗಳ ನಕ್ಷೆ ಕೈಗೆ ಬರುವ ತನಕ ಮುಂಗಡ ಕೊಡಕೂಡದು. ಸ್ಕ್ಯಾನರನ್ನು ಸಂಘವೇ ಕೊಳ್ಳಲಿ. ವೇಗದ ಸೆನ್ಸರು, ಡೀಸೆಲ್ ಒತ್ತಡದ ಸೆನ್ಸರು ಒಂದೊಂದು ನಮ್ಮ ಗೋದಾಮಿನ ಕಪಾಟಿನಲ್ಲಿರಲಿ. ಐಟಿಐ ಓದಿ ಕೆಲಸವಿಲ್ಲದೆ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಮಕ್ಕಳಲ್ಲಿ ಇಬ್ಬರನ್ನು ತರಬೇತಿಗೆ ಕಳುಹಿಸೋಣ. ಪೇಟೆಯ ಆ ಪಂಪ್ ಅಂಗಡಿಯವನೂ ಬರುವುದಾದರೆ ಇನ್ನೂ ಒಳ್ಳೆಯದು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಕಿವಿ ಅವನದು.

ಖರ್ಚು ಹೆಚ್ಚೆಂದು ಆಡಳಿತ ಮಂಡಳಿ ಹೇಳಬಹುದು. ಈ ವರ್ಷದ ಲಾಭಾಂಶದಲ್ಲಿ ಸ್ವಲ್ಪ ಕಡಿತವಾದರೂ ಚಿಂತೆಯಿಲ್ಲವೆಂದು ನಾವು ಮೂವರು ಬರೆದುಕೊಟ್ಟಿದ್ದೇವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ವಿಷಯ ಬರಲಿದೆ. ಬರುವಾಗ, ನಿಮ್ಮ ಹೊಸ ಯಂತ್ರ ಯಾವುದಾದರೂ ಹೀಗೆ ನಿಂತಿದ್ದರೆ, ಎಷ್ಟು ದಿನ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದು ತನ್ನಿ.