ಅರ್ಜಿಯೂ ಸೇವೆಯೂ

ಪದವಿಯ ತರುವಾಯದ ವ್ಯಾಸಂಗಕ್ಕೆ ದೊರೆಯುವ ವೇತನಗಳಲ್ಲಿ ಆಕ್ಸ್‌ಫರ್ಡಿನ ರೋಡ್ಸ್ ವಿದ್ಯಾರ್ಥಿವೇತನವು ಹೆಸರಾದುದು. 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸನ ಮರಣಶಾಸನದಿಂದ ಏರ್ಪಟ್ಟ ಇದಕ್ಕೆ ಪರೀಕ್ಷೆಯ ಅಂಕಗಳು ಮಾತ್ರ ಸಾಲವು. ಸತ್ಯನಿಷ್ಠೆ, ಧೈರ್ಯ, ದುರ್ಬಲರಲ್ಲಿ ಅನುಕಂಪ, ನಾಯಕತ್ವ ಇವೂ ಬೇಕು. ನಮ್ಮ ಕನ್ನಡಿಗರಾದ ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ಅಲ್ಲಿ ಓದಿದುದು ಈ ವೇತನದಿಂದಲೇ. ಸ್ತ್ರೀಯರಿಗಾದರೋ 1977ರವರೆಗೆ ಆ ಬಾಗಿಲು ಮುಚ್ಚಿದ್ದಿತು.

ಬಾಗಿಲು ತೆರೆದ ಮೇಲೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮನೆಗಳಲ್ಲಿ "ಇದು ನಮ್ಮಂಥವರಿಗಲ್ಲ" ಎಂಬ ಮಾತು ಕೇಳಬರುತ್ತದೆ. ಇದನ್ನು ನಾವು ಒಪ್ಪೆವು. ನಾಯಕತ್ವವೆಂದರೆ ವೇದಿಕೆಯ ಭಾಷಣವಲ್ಲ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರೂ ಬಲ್ಲ ಸಂಗತಿ. ಅದರಿಂದ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುವುದನ್ನು ಕಂಡು, ಮನೆಮನೆಗೆ ಹೋಗಿ ತಿಳಿಯಹೇಳಿದ ಹುಡುಗಿಯು ನಾಯಕಿಯೇ ಸರಿ. ಅರ್ಜಿಯಲ್ಲಿ ಆಕೆಯು ದೊಡ್ಡ ಮಾತುಗಳನ್ನು ಬಿಟ್ಟು, ತಾನು ಮಾಡಿದುದನ್ನೂ ಮಾಡಲಾರದೆ ಹೋದುದನ್ನೂ ಇದ್ದಂತೆ ಬರೆಯಲಿ. ಶಿಫಾರಸು ಪತ್ರಗಳನ್ನು ತನ್ನ ಕೆಲಸವನ್ನು ಕಣ್ಣಾರೆ ಕಂಡವರಿಂದ ಪಡೆಯಲಿ.

ಆಯ್ಕೆಯಾಗುವವರು ಕೆಲವರೇ, ನಿಜ. ಆದರೂ ಅರ್ಜಿ ಬರೆಯಕುಳಿತವಳು ತನ್ನ ವಿದ್ಯೆಯು ಯಾರಿಗೆ ಉಪಯೋಗವೆಂಬುದನ್ನು ಯೋಚಿಸಿಯೇ ತೀರಬೇಕು. ವೇತನವು ದೊರೆಯದಿದ್ದರೂ ಆ ಯೋಚನೆಯು ವ್ಯರ್ಥವಾಗದು. ಮದುವೆಯ ಮಾತು ಎರಡು ವರ್ಷ ಕಾಯಬಲ್ಲದು; ಅರ್ಜಿಯ ಗಡುವು ಕಾಯದು. ತಾಯ್ತಂದೆಗಳು ಇದನ್ನು ಮನಗಾಣಬೇಕೆಂಬುದೇ ನಮ್ಮ ಬಿನ್ನಹ.