ಮಾರಾಟದೊಡನೆ ಮುಗಿಯದ ಹೊಣೆ

ಮಲೆನಾಡಿನ ಮನೆಗಳಿಗೆ ನಾಯಿ ಹೊಸತಲ್ಲ. ಕೊಟ್ಟಿಗೆ, ಗದ್ದೆ, ತೋಟಗಳನ್ನು ಕಾಯುತ್ತ ಬಂದ ನಾಡನಾಯಿಗೆ ವಂಶಾವಳಿಯ ಪತ್ರವಿರಲಿಲ್ಲ. ಮಳೆ, ಉಂಬಳಗಳ ನಡುವೆ ಬದುಕುವ ಕಸುವಿತ್ತು. ಈಗ ಲ್ಯಾಬ್ರಡಾರ್, ರಾಟ್‌ವೈಲರ್ ಮರಿಗಳೂ ಹಣ ತೆತ್ತು ಘಟ್ಟದ ಮನೆಗಳಿಗೆ ಬರುತ್ತಿವೆ. ಹಣ ಎಣಿಸಿಕೊಂಡೊಡನೆ ಮಾರಿದವನ ಹೊಣೆ ತೀರಿತೆ?

ಇಲ್ಲವೆನ್ನುತ್ತದೆ ಕಾನೂನು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ಶ್ವಾನ ತಳಿ ಸಂವರ್ಧನೆ ಹಾಗೂ ಮಾರಾಟದ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ತಳಿಗಾರನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಡುವಣ ದಲ್ಲಾಳಿಯೂ ಇದಕ್ಕೆ ಹೊರತಲ್ಲ. 18 ತಿಂಗಳು ತುಂಬದ ಹೆಣ್ಣುನಾಯಿಯನ್ನು, 8 ವರ್ಷ ದಾಟಿದ್ದನ್ನು ಸಂತಾನಕ್ಕೆ ಬಳಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಹೆಚ್ಚೆಂದರೆ 5. ಮರಿಗೆ 8 ವಾರ ತುಂಬುವ ಮೊದಲು ಮಾರುವಂತಿಲ್ಲ. ಮೈಕ್ರೋಚಿಪ್, ಲಸಿಕೆ, ದಾಖಲೆಗಳು ಕಡ್ಡಾಯ.

ಈ ಮಿತಿಗಳ ಹಿಂದೆ ಜೀವವಿಜ್ಞಾನದ ತರ್ಕವಿದೆ. ಬೇಗನೆ ಅಗಲಿಸಿದ ಮರಿಯು ಒಡಹುಟ್ಟುಗಳೊಡನೆ ಆಡುತ್ತ ಕಲಿಯಬೇಕಾದ ಹಲ್ಲಿನ ಹಿಡಿತವನ್ನು ಕಲಿಯದೆ ಉಳಿಯುತ್ತದೆ. ಬಿಡುವಿಲ್ಲದ ಸೂಲುಗಳಿಂದ ತಾಯಿ ಸೊರಗುತ್ತದೆ. ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸಿದರೆ ಅಡಗಿದ್ದ ದೋಷಗಳು ಮೇಲೆದ್ದು ಬರುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಕಾಣುವ ಸೊಂಟದ ಕೀಲಿನ ವಿಕಾರವು ಬಹುಪಾಲು ಆನುವಂಶಿಕವಾದುದು. ಬಿತ್ತನೆ ಬೀಜದ ಚೀಲಕ್ಕೆ ಪ್ರಮಾಣಚೀಟಿ ಬಯಸುವ ರೈತನು ಹತ್ತು ವರ್ಷ ಜೊತೆಗಿರುವ ಜೀವದ ಮೂಲವನ್ನು ಕೇಳದಿರುವುದು ಸೋಜಿಗ.

ಬೆಟ್ಟದ ಸೀಮೆಯಲ್ಲಿ ಈ ಹೊಣೆಗೇಡಿತನದ ಬೆಲೆಯನ್ನು ಕಾಡೂ ತೆರಬೇಕಾಗುತ್ತದೆ. ರೋಗ ಬಿದ್ದ, ಸಾಕಲಾಗದ ನಾಯಿಯನ್ನು ಘಾಟಿ ರಸ್ತೆಯಲ್ಲಿ ಇಳಿಸಿ ಹೋದರೆ ಅದು ಹಸಿವಿನಿಂದ ಜಿಂಕೆ, ಬರ್ಕಗಳ ಬೆನ್ನು ಹತ್ತುತ್ತದೆ. ಲಸಿಕೆ ಕಾಣದ ನಾಯಿಯ ಡಿಸ್ಟೆಂಪರ್ ರೋಗ ಸೀಳುನಾಯಿಗೂ ತಗುಲಬಲ್ಲದು. 2018ರಲ್ಲಿ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಹಲವುಗಳಲ್ಲಿ ಪತ್ತೆಯಾದುದು ಇದೇ ವೈರಾಣು.

ಮನೆಯ ನಾಯಿ ಹಾಕಿದ ನಾಲ್ಕು ಮರಿಗಳನ್ನು ಮಾರುವ ಬಡವನಿಗೂ ಇಷ್ಟೆಲ್ಲ ನಿರ್ಬಂಧವೇಕೆಂದು ಕೇಳುವವರಿದ್ದಾರೆ. ಆದಾಯ ಅವನದಾದರೆ ಆ ಮರಿಗಳ ಯೋಗಕ್ಷೇಮವೂ ಅವನದೇ. ಸಾಕಲಾಗದಿದ್ದರೆ ಸಂತಾನಹರಣ ಚಿಕಿತ್ಸೆಯ ದಾರಿಯಿದೆ.

ಕಾನೂನು ಕಾಗದದಿಂದ ಊರಿಗಿಳಿಯಬೇಕಾದರೆ ಕೊಳ್ಳುವವರು ಬಾಯಿ ತೆರೆಯಬೇಕು. ತಾಯಿನಾಯಿಯನ್ನು ತೋರಿಸದ, ನೋಂದಣಿ ಸಂಖ್ಯೆ ಹೇಳದ, ಲಸಿಕೆಯ ಚೀಟಿ ಕೊಡದ, ಸಾಕಲಾಗದಿದ್ದರೆ ಮರಳಿ ಪಡೆಯುವೆನೆಂದು ಬರೆದುಕೊಡದ ಮಾರಾಟಗಾರನಿಂದ ಮರಿ ಕೊಳ್ಳಬಾರದು. ಕೊಳ್ಳುವವರಿಲ್ಲದ ಸಂತೆ ತಾನಾಗಿ ಮುಚ್ಚುತ್ತದೆ.